ಕ್ಯಾಲಿಪರ್ ಸಾಕಾ, ಮೈಕ್ರೋಮೀಟರ್ ಬೇಕಾ? ಲೇತ್ ಮುಂದೆ ನಿಲ್ಲುವವರಿಗೆ ಒಂದು ಹೋಲಿಕೆ

6204 ನಂಬರಿನ ಬೇರಿಂಗ್‌ಗೆ ಒಂದು ಶಾಫ್ಟ್ ಟರ್ನ್ ಮಾಡಿದ್ದೆ. ಆ ಬೇರಿಂಗ್‌ನ ಒಳಗಿನ ತೂತು 20 ಮಿ.ಮೀ. ಎರಡು ದವಡೆಗಳ ನಡುವೆ ವಸ್ತು ಹಿಡಿದು ಅಳೆಯುವ ಡಿಜಿಟಲ್ ಕ್ಯಾಲಿಪರ್ ಹಿಡಿದೆ, 20.00 ತೋರಿಸಿತು. ಇನ್ನೊಂದು ಸಲ ಹಿಡಿದೆ, ಮತ್ತೆ 20.00. ಸರಿ ಇದೆ ಅಂದುಕೊಂಡು ಬೇರಿಂಗ್ ತೊಡಿಸಲು ಹೋದರೆ ಅದು ಸ್ವಲ್ಪವೂ ಬಿಗಿಯಿಲ್ಲದೆ ಸರ್ರನೆ ಜಾರಿ ಕೂತುಬಿಟ್ಟಿತು. ಬೆರಳಲ್ಲಿ ತಿರುಗಿಸಿದರೆ ಒಳಗಿನ ರಿಂಗ್ ಶಾಫ್ಟ್ ಮೇಲೆಯೇ ಸುತ್ತುತ್ತಿತ್ತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು ಏನೂ ಹೇಳದೆ ಸ್ಕ್ರೂ ತಿರುಗಿಸಿ ಅಳೆಯುವ ತಮ್ಮ ಮೈಕ್ರೋಮೀಟರ್ ತಂದು ಕೈಗೆ ಕೊಟ್ಟರು. ಹಿಡಿದು ನೋಡಿದೆ, 19.98.

ಅಲ್ಲಿ ಬೇಕಿದ್ದದ್ದು ಕೆ6 ಫಿಟ್, ಅಂದರೆ ಬೇರಿಂಗ್ ಸ್ವಲ್ಪ ಬಿಗಿಯಾಗಿ ಕೂರಲು ಶಾಫ್ಟ್‌ಗೆ ಇಟ್ಟ ಅಳತೆಯ ಮಿತಿ. 20 ಮಿ.ಮೀ. ಶಾಫ್ಟ್‌ಗೆ ಕೆ6 ಅಂದರೆ 20.002ರಿಂದ 20.015ರ ಒಳಗೆ ಇರಬೇಕು. ಲೆಕ್ಕ ಹಾಕಿ ನೋಡಿ, ನನಗಿದ್ದ ಜಾಗ ಬರೀ 13 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನನ್ನ ಕೈಯಲ್ಲಿದ್ದ ಕ್ಯಾಲಿಪರ್ ಜೊತೆ ಬಂದ ಚೀಟಿಯಲ್ಲಿ ±0.02 ಮಿ.ಮೀ. ಅಂತ ಬರೆದಿತ್ತು. ಅಂದರೆ ಆ ಕಡೆ 20, ಈ ಕಡೆ 20, ಒಟ್ಟು 40 ಮೈಕ್ರಾನ್. ಕ್ಯಾಲಿಪರ್ ತನ್ನ ಮಾತಿಗೆ ತಪ್ಪಿರಲಿಲ್ಲ. 40 ಮೈಕ್ರಾನ್ ಆಚೀಚೆ ಆಗಬಹುದಾದ ಸಾಧನದಿಂದ 13 ಮೈಕ್ರಾನ್ ಹುಡುಕಲು ಹೊರಟಿದ್ದೇ ತಪ್ಪು.

ಯಾವುದನ್ನು ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದೇ: ನೀವು ಮಾಡುವ ಕೆಲಸದಲ್ಲಿ ಎಷ್ಟು ಹೆಚ್ಚು-ಕಡಿಮೆ ನಡೆಯುತ್ತದೆ? ಆ ಅಂಕಿ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಹಳೆಯ ರೂಢಿ ಏನೆಂದರೆ, ಸಾಧನದ ತಪ್ಪು ಕೆಲಸದ ಟಾಲರೆನ್ಸ್‌ನ, ಅಂದರೆ ಆ ನಡೆಯುವ ಹೆಚ್ಚು-ಕಡಿಮೆಯ, ಹತ್ತರಲ್ಲಿ ಒಂದು ಪಾಲು ಇರಬೇಕು. ಅಷ್ಟು ಸಾಧ್ಯವಾಗದಿದ್ದರೆ ನಾಲ್ಕರಲ್ಲಿ ಒಂದು ಪಾಲಾದರೂ ಇರಲಿ. 0.2 ಮಿ.ಮೀ. ಆಚೀಚೆ ನಡೆಯುವ ಕಡೆ ಕ್ಯಾಲಿಪರ್ ಆರಾಮಾಗಿ ಸಾಕು. 0.05ಕ್ಕೆ ಇಳಿದರೆ ಅನುಮಾನ. 0.02ಕ್ಕಿಂತ ಕೆಳಗೆ ಹೋದರೆ ಮೈಕ್ರೋಮೀಟರ್ ಬೇಕೇ ಬೇಕು.

ಪರದೆಯ ಮೇಲೆ ಕಾಣುವ ಅಂಕಿ ಬೇರೆ, ಅಳತೆಯ ನಿಖರತೆ ಬೇರೆ

ಡಿಜಿಟಲ್ ಕ್ಯಾಲಿಪರ್ ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪರದೆಯಲ್ಲಿ 0.01ರ ತನಕ ತೋರಿಸುತ್ತದೆ, ಹಾಗಾದರೆ 0.01ರ ತನಕ ಸರಿಯಾಗಿ ಅಳೆಯುತ್ತದೆ ಅಂದುಕೊಳ್ಳುತ್ತಾರೆ. ಅವೆರಡೂ ಬೇರೆ ಬೇರೆ. 0.01 ಅನ್ನುವುದು ಅದು ತೋರಿಸಬಲ್ಲ ಅತಿ ಸಣ್ಣ ಹೆಜ್ಜೆ ಅಷ್ಟೇ. ಅದರ ನಿಖರತೆ ಒಳ್ಳೆಯ ಕಂಪನಿಯದ್ದಾದರೆ 150 ಮಿ.ಮೀ. ಉದ್ದಕ್ಕೆ ±0.02, ಸಾಧಾರಣದ್ದಾದರೆ ±0.03 ಅಥವಾ ಅದಕ್ಕಿಂತ ಜಾಸ್ತಿ. ಕೆಲವು ಅಗ್ಗದ ಕ್ಯಾಲಿಪರ್‌ಗಳು ಇನ್ನೂ ಒಂದು ಅಂಕಿ ಸೇರಿಸಿ 0.005 ತೋರಿಸುತ್ತವೆ. ಆ ಕೊನೆಯ ಅಂಕಿಯನ್ನು ನೋಡಲೇಬೇಡಿ.

ಒಂದೇ ವಸ್ತುವನ್ನು ಹತ್ತು ಸಲ ಅಳೆದಾಗ ಹತ್ತು ಸಲವೂ ಒಂದೇ ಅಂಕಿ ಬರುವುದು ಇನ್ನೂ ಬೇರೆ ವಿಷಯ. ನನ್ನ ಕ್ಯಾಲಿಪರ್ ಅವತ್ತು ಎರಡೂ ಸಲ 20.00 ತೋರಿಸಿತ್ತಲ್ಲ, ಆ ಒಂದೇ ಅಂಕಿ ನೋಡಿಯೇ ನನಗೆ ಧೈರ್ಯ ಬಂದಿದ್ದು. ಎರಡು ಸಲವೂ ಒಂದೇ ತಪ್ಪನ್ನು ತೋರಿಸಬಹುದು ಅಂತ ಹೊಳೆಯಲಿಲ್ಲ.

ಕ್ಯಾಲಿಪರ್‌ಗೆ ಈ ಮಿತಿ ಯಾಕೆ ಅನ್ನುವುದಕ್ಕೆ ಕಾರಣವಿದೆ. 1890ರಲ್ಲಿ ಅರ್ನ್ಸ್ಟ್ ಅಬ್ಬೆ ಹೇಳಿದ ತತ್ವ ಅದು: ಅಳೆಯುವ ಸ್ಕೇಲು ಮತ್ತು ಅಳತೆಗೆ ಒಳಗಾಗುವ ವಸ್ತು ಎರಡೂ ಒಂದೇ ಗೆರೆಯಲ್ಲಿರಬೇಕು. ಕ್ಯಾಲಿಪರ್‌ನಲ್ಲಿ ಸ್ಕೇಲು ಇರುವುದು ಮೇಲೆ ಪಟ್ಟಿಯಲ್ಲಿ, ವಸ್ತು ಇರುವುದು ಕೆಳಗೆ ದವಡೆಗಳ ನಡುವೆ. ಓಡುವ ದವಡೆಗೆ ಪಟ್ಟಿಯ ಮೇಲೆ ಕೂದಲೆಳೆಯಷ್ಟಾದರೂ ಸಡಿಲ ಇರಲೇಬೇಕು, ಇಲ್ಲದಿದ್ದರೆ ಅದು ಓಡುವುದೇ ಇಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಆ ಸಡಿಲದಷ್ಟು ದವಡೆ ವಾಲುತ್ತದೆ. ತುದಿಯಲ್ಲಿ ಅದರ ಪರಿಣಾಮ ಜಾಸ್ತಿ, ಬುಡದಲ್ಲಿ ಕಡಿಮೆ.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಒಂದು ಬೇರಿಂಗ್‌ನ ಹೊರಮೈಯನ್ನು ದವಡೆಯ ತುದಿಯಲ್ಲಿ ಹಿಡಿದು ಅಳೆಯಿರಿ, ಆಮೇಲೆ ಅದನ್ನೇ ಬುಡದ ಹತ್ತಿರ ಹಿಡಿದು ಅಳೆಯಿರಿ. ಸ್ವಲ್ಪ ಜೋರಾಗಿ ಒತ್ತಿ ಒಮ್ಮೆ, ಹಗುರವಾಗಿ ಒಮ್ಮೆ. ಸವೆದ ಕ್ಯಾಲಿಪರ್ ಆದರೆ ನಾಲ್ಕು ಸಲಕ್ಕೆ ನಾಲ್ಕು ಅಂಕಿ ಬರುತ್ತದೆ. ಆದ್ದರಿಂದ ವಸ್ತುವನ್ನು ಆದಷ್ಟು ಬುಡದ ಹತ್ತಿರವೇ ಹಿಡಿಯುವುದು ಒಳ್ಳೆಯ ಅಭ್ಯಾಸ.

ಮೈಕ್ರೋಮೀಟರ್‌ನಲ್ಲಿ ಈ ತೊಂದರೆ ಇಲ್ಲ. ಸ್ಕ್ರೂ, ಸ್ಪಿಂಡಲ್ (ಹಿಂದೆ ಮುಂದೆ ಸರಿಯುವ ದಂಡ), ವಸ್ತು, ಆನ್ವಿಲ್ (ಅದರ ಎದುರಿನ ಅಲುಗದ ಮುಖ) ಎಲ್ಲವೂ ಒಂದೇ ನೇರ ಗೆರೆಯಲ್ಲಿವೆ. ಜೊತೆಗೆ ರಾಚೆಟ್ (ಬಿಗಿ ಸಾಕಾದಾಗ ಕಟಕಟ ಅಂತ ಜಾರುವ ತಿರುಗಣಿ) ಇರುವುದರಿಂದ ಒತ್ತಡವೂ ಪ್ರತಿ ಸಲ ಹೆಚ್ಚುಕಡಿಮೆ ಒಂದೇ. 0–25ರ ಒಳ್ಳೆಯ ಮೈಕ್ರೋಮೀಟರ್‌ನ ತಪ್ಪು 2ರಿಂದ 4 ಮೈಕ್ರಾನ್ ಒಳಗಿರುತ್ತದೆ.

ಮೂರು ಬಗೆಯ ಕ್ಯಾಲಿಪರ್

ವರ್ನಿಯರ್, ಡಯಲ್, ಡಿಜಿಟಲ್. ಮೂರರ ನಿಖರತೆಯಲ್ಲಿ ಭಾರಿ ವ್ಯತ್ಯಾಸವೇನೂ ಇಲ್ಲ. ಓದುವ ರೀತಿ ಬೇರೆ, ಕೆಡುವ ರೀತಿ ಬೇರೆ.

ವರ್ನಿಯರ್ ಎಲ್ಲಕ್ಕಿಂತ ಹಳೆಯದು. ಪಿಯರ್ ವರ್ನಿಯೆ 1631ರಲ್ಲಿ ಹೊರತಂದ ಸ್ಕೇಲಿನ ಉಪಾಯವೇ ಇವತ್ತಿಗೂ ಅದರಲ್ಲಿದೆ. ಸಾಮಾನ್ಯವಾಗಿ ಸಿಗುವ 0.02ರ ವರ್ನಿಯರ್‌ನಲ್ಲಿ ಮುಖ್ಯ ಸ್ಕೇಲಿನ 49 ಮಿ.ಮೀ. ಜಾಗವನ್ನು 50 ಭಾಗ ಮಾಡಿರುತ್ತಾರೆ. ಹಾಗಾಗಿ ಎರಡು ಸ್ಕೇಲಿನ ಒಂದೊಂದು ಗೆರೆಗೂ 0.02 ವ್ಯತ್ಯಾಸ. ಎಲ್ಲಿ ಎರಡು ಗೆರೆ ಒಂದಕ್ಕೊಂದು ಸರಿಯಾಗಿ ಕೂಡುತ್ತವೋ ಅದೇ ಉತ್ತರ. ಇದರಲ್ಲಿ ಬ್ಯಾಟರಿ ಇಲ್ಲ, ಗೇರ್ ಇಲ್ಲ. ಕೂಲೆಂಟ್‌ನಲ್ಲಿ ನೆನೆದರೂ ಒರೆಸಿ ಎಣ್ಣೆ ಹಚ್ಚಿದರೆ ಮತ್ತೆ ಸಿದ್ಧ. ಬಗ್ಗಿಸದಿದ್ದರೆ, ದವಡೆ ಸವೆಯದಿದ್ದರೆ ಒಂದು ತಲೆಮಾರು ಬಾಳುತ್ತದೆ. ಒಂದೇ ಕಷ್ಟ, ಕಣ್ಣು. ಬೆಳಕು ಕಡಿಮೆ ಇದ್ದರೆ ಅಥವಾ ವಯಸ್ಸು ನಲವತ್ತು ದಾಟಿದರೆ ಆ ಗೆರೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ನೇರವಾಗಿ ಮೇಲಿಂದ ನೋಡದೆ ಓರೆಯಾಗಿ ನೋಡಿದರೂ ಒಂದು ಗೆರೆ ತಪ್ಪಿ ಓದುತ್ತೇವೆ.

ಡಯಲ್ ಕ್ಯಾಲಿಪರ್ ಓದಲು ಸುಲಭ, ಗಡಿಯಾರದ ಮುಳ್ಳು ನೋಡಿದ ಹಾಗೆ. ಟೂಲ್ ಇಳಿಸಿದಂತೆಲ್ಲ ಅಳತೆ ಎತ್ತ ಹೋಗುತ್ತಿದೆ ಅಂತ ಮುಳ್ಳಿನ ಚಲನೆಯಲ್ಲೇ ಗೊತ್ತಾಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ಗುಣ. ಆದರೆ ಪಟ್ಟಿಯ ಉದ್ದಕ್ಕೂ ಸಣ್ಣ ಹಲ್ಲುಗಳಿವೆ, ಅದರ ಮೇಲೆ ಪುಟ್ಟ ಗೇರ್ ಓಡುತ್ತದೆ. ಆ ಹಲ್ಲಿನ ನಡುವೆ ಲೋಹದ ಒಂದು ಚೂರು ಸಿಕ್ಕಿಕೊಂಡರೆ ಗೇರ್ ಹಲ್ಲು ಹಾರುತ್ತದೆ, ಆಮೇಲೆ ಸೊನ್ನೆ ಸೊನ್ನೆಯ ಜಾಗಕ್ಕೆ ಬರುವುದಿಲ್ಲ. ಎರಕದ ಕಬ್ಬಿಣ ಟರ್ನ್ ಮಾಡುವ ಕಡೆ ಕಪ್ಪು ಪುಡಿ ಎಲ್ಲೆಲ್ಲೂ ಹಾರುತ್ತಿರುತ್ತದೆ, ಅಂಥ ಕಡೆ ಡಯಲ್ ಬೇಡವೇ ಬೇಡ.

ಡಿಜಿಟಲ್ ಅಂದರೆ ಆರಾಮ. ಓದುವ ತಪ್ಪು ಇಲ್ಲವೇ ಇಲ್ಲ ಅನ್ನಬಹುದು. ಇಂಚು ಮತ್ತು ಮಿಲಿಮೀಟರ್ ಒಂದು ಬಟನ್‌ನಲ್ಲಿ ಬದಲಾಗುತ್ತದೆ. ಇನ್ನೊಂದು ಅನುಕೂಲ ಇದೆ, ತುಂಬಾ ಜನ ಅದನ್ನು ಬಳಸುವುದೇ ಇಲ್ಲ: ಯಾವ ಜಾಗದಲ್ಲಿ ಬೇಕಾದರೂ ಸೊನ್ನೆ ಮಾಡಬಹುದು. ಮಾದರಿ ಪೀಸ್ ಹಿಡಿದು ಸೊನ್ನೆ ಒತ್ತಿ, ಆಮೇಲೆ ಉಳಿದ ಪೀಸ್‌ಗಳನ್ನು ಹಿಡಿದರೆ ವ್ಯತ್ಯಾಸ ಮಾತ್ರ ಕಾಣುತ್ತದೆ. ನೂರು ಪೀಸ್ ನೋಡುವಾಗ ಇದು ಎಷ್ಟು ತಲೆನೋವು ಉಳಿಸುತ್ತದೆ ಅಂತ ಮಾಡಿದವರಿಗೇ ಗೊತ್ತು.

ಡಿಜಿಟಲ್‌ನಲ್ಲಿ ಗಮನಿಸಬೇಕಾದ್ದು ಬ್ಯಾಟರಿ. ಅಗ್ಗದ ಕ್ಯಾಲಿಪರ್‌ಗಳಲ್ಲಿ ಆಫ್ ಬಟನ್ ಒತ್ತಿದರೆ ಪರದೆ ಮಾತ್ರ ಆರುತ್ತದೆ, ಒಳಗಿನ ಸರ್ಕ್ಯೂಟ್ ಸುಮ್ನೆ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಬೇಕಾದ ದಿನ ತೆಗೆದರೆ ಅಂಕಿಗಳು ಮಿಟುಕುತ್ತಿರುತ್ತವೆ. ಎಲ್‌ಆರ್44 ಬದಲು ಎಸ್‌ಆರ್44 ಹಾಕಿ. ಗಾತ್ರ ಒಂದೇ, ಆದರೆ ಎಸ್‌ಆರ್ ಸಿಲ್ವರ್ ಆಕ್ಸೈಡ್, ಕೊನೆಯ ತನಕ ವೋಲ್ಟೇಜ್ ಹೆಚ್ಚುಕಡಿಮೆ ಸಮವಾಗಿ ಕೊಡುತ್ತದೆ. ಸ್ವಲ್ಪ ಜಾಸ್ತಿ ಖರ್ಚು ಮಾಡಲು ಆಗುವುದಾದರೆ ಅಬ್ಸಲ್ಯೂಟ್ ಸ್ಕೇಲ್ ಇರುವುದನ್ನೇ ತೆಗೆದುಕೊಳ್ಳಿ. ಅದು ಆಫ್ ಮಾಡಿ ಆನ್ ಮಾಡಿದರೂ ಸೊನ್ನೆ ಮರೆಯುವುದಿಲ್ಲ, ದವಡೆಯನ್ನು ಸರ್ರಂತ ಎಳೆದರೂ ಲೆಕ್ಕ ತಪ್ಪುವುದಿಲ್ಲ, ಬ್ಯಾಟರಿಯೂ ವರ್ಷಗಟ್ಟಲೆ ಬರುತ್ತದೆ. ಕೂಲೆಂಟ್ ಹತ್ತಿರ ಕೆಲಸವಿದ್ದರೆ ಐಪಿ67 (ಧೂಳು, ನೀರು ಒಳಗೆ ಹೋಗದ ದರ್ಜೆ) ಅಂತ ಬರೆದಿದೆಯಾ ನೋಡಿ. ಮಾಮೂಲಿ ಡಿಜಿಟಲ್‌ನ ಪಟ್ಟಿ ಒದ್ದೆಯಾದರೆ ಅಂಕಿ ಹುಚ್ಚಾಪಟ್ಟೆ ಕುಣಿಯುತ್ತದೆ. ಹೆಸರಾಂತ ಕಂಪನಿಗಳ ನಕಲಿ ಮಾಲೂ ಸಾಕಷ್ಟು ಓಡಾಡುತ್ತಿದೆ, ನಂಬಿಕೆ ಇರುವ ಕಡೆಯೇ ಕೊಳ್ಳಿ.

ನನ್ನನ್ನು ಕೇಳಿದರೆ, ಒಂದೇ ಕ್ಯಾಲಿಪರ್ ಕೊಳ್ಳುವುದಾದರೆ 150 ಮಿ.ಮೀ. ಡಿಜಿಟಲ್, ಅಬ್ಸಲ್ಯೂಟ್ ಇರುವುದು. ಧೂಳು, ನೀರು, ಎಣ್ಣೆ ಜಾಸ್ತಿ ಇರುವ ಕಡೆಗೆ ವರ್ನಿಯರ್. 300 ಮಿ.ಮೀ. ಕ್ಯಾಲಿಪರ್ ಬೇಕು ಅಂತ ಮೊದಲೇ ಹೋಗಬೇಡಿ. ಅದು ಭಾರ, ಸಣ್ಣ ಕೆಲಸಕ್ಕೆ ಕೈಗೆ ಒಗ್ಗುವುದಿಲ್ಲ. ಉದ್ದ ಜಾಸ್ತಿಯಾದಂತೆ ತಪ್ಪೂ ಜಾಸ್ತಿಯಾಗುತ್ತದೆ.

ಮೈಕ್ರೋಮೀಟರ್ ಕೈಗೆತ್ತಿಕೊಂಡಾಗ

1848ರಲ್ಲಿ ಫ್ರಾನ್ಸ್‌ನ ಝಾನ್ ಲೊರಾಂ ಪಾಮೆರ್ ಪೇಟೆಂಟ್ ಪಡೆದ ಸಾಧನವೇ ಇವತ್ತಿನ ಮೈಕ್ರೋಮೀಟರ್‌ಗೆ ಮೂಲ. ಫ್ರೆಂಚರು ಈಗಲೂ ಅದನ್ನು ಆತನ ಹೆಸರಿನಿಂದಲೇ ಕರೆಯುತ್ತಾರೆ. ಒಳಗಿನ ಸ್ಕ್ರೂವಿನ ಪಿಚ್ 0.5 ಮಿ.ಮೀ., ಕೈಯಿಂದ ತಿರುಗಿಸುವ ಥಿಂಬಲ್ ಮೇಲೆ ಸುತ್ತಲೂ 50 ಗೆರೆ. ಒಂದು ಸುತ್ತಿಗೆ ಅರ್ಧ ಮಿಲಿಮೀಟರ್, ಒಂದು ಗೆರೆಗೆ 0.01. ಥಿಂಬಲ್ ಒಳಗೆ ತಿರುಗದೆ ನಿಂತ, ಅರ್ಧರ್ಧ ಮಿಲಿಮೀಟರಿಗೆ ಗೆರೆ ಇರುವ ಸ್ಲೀವ್ ಮೇಲೆ ಇನ್ನೊಂದು ವರ್ನಿಯರ್ ಇದ್ದರೆ 0.001ರ ತನಕ ಓದಬಹುದು.

ಆ ಅರ್ಧ ಮಿಲಿಮೀಟರೇ ಮೈಕ್ರೋಮೀಟರ್‌ನ ದೊಡ್ಡ ಗುಂಡಿ. ನಾನೂ ಅದರಲ್ಲಿ ಬಿದ್ದಿದ್ದೇನೆ. ಮೈಕ್ರೋಮೀಟರ್ ತಂದ ಹೊಸತರಲ್ಲಿ ಇನ್ನೊಂದು 20ರ ಶಾಫ್ಟ್ ಮಾಡುತ್ತಿದ್ದೆ. ಥಿಂಬಲ್ 48ರಲ್ಲಿತ್ತು. ಥಿಂಬಲ್ ಅಂಚಿನ ಪಕ್ಕದಲ್ಲೇ ಸ್ಲೀವ್ ಮೇಲಿನ 20.5ರ ಗೆರೆ ಕೂಡ ಕಾಣುತ್ತಿತ್ತು. 20.5ಕ್ಕೆ 0.48 ಕೂಡಿಸಿ 20.98 ಅಂತ ಓದಿದೆ. ನಿಜಕ್ಕೂ ಇದ್ದದ್ದು 20.48. ಥಿಂಬಲ್ ಸೊನ್ನೆಯ ಹತ್ತಿರ ಬಂದಾಗ ಮುಂದಿನ ಗೆರೆ ಸ್ವಲ್ಪ ಮೊದಲೇ ಇಣುಕುತ್ತದೆ, ಅದನ್ನು ಎಣಿಸಬಾರದು ಅಂತ ನನಗೆ ಗೊತ್ತಿರಲಿಲ್ಲ. 0.97 ತೆಗೆದೆ. ಶಾಫ್ಟ್ 19.51ಕ್ಕೆ ಇಳಿಯಿತು, ಅರ್ಧ ದಿನದ ಕೆಲಸ ಹೋಯಿತು.

ಇದಕ್ಕೆ ಮದ್ದು ತುಂಬಾ ಸುಲಭ. ಮೊದಲು ಕ್ಯಾಲಿಪರ್ ಹಿಡಿಯಿರಿ, ಆಮೇಲೆ ಮೈಕ್ರೋಮೀಟರ್. ಕ್ಯಾಲಿಪರ್ 20.5ರ ಆಸುಪಾಸು ಅಂದರೆ ಮೈಕ್ರೋಮೀಟರ್‌ನಲ್ಲಿ 20.98 ಬರಲು ಸಾಧ್ಯವೇ ಇಲ್ಲ. ಅವತ್ತು ಜೇಬಿನಲ್ಲೇ ಇದ್ದ ಕ್ಯಾಲಿಪರನ್ನು ಒಂದು ಸಲ ಹಿಡಿದಿದ್ದರೆ ಆ ಶಾಫ್ಟ್ ಉಳಿಯುತ್ತಿತ್ತು. ಇವೆರಡನ್ನೂ ಒಂದರ ಬದಲಿಗೆ ಇನ್ನೊಂದು ಅಂತ ನೋಡುವುದೇ ಸರಿಯಲ್ಲ, ಅಲ್ವಾ? ಒಂದು ದೊಡ್ಡ ತಪ್ಪು ಹಿಡಿಯುತ್ತದೆ, ಇನ್ನೊಂದು ಸಣ್ಣ ತಪ್ಪು ಹಿಡಿಯುತ್ತದೆ.

ಡಿಜಿಟಲ್ ಮೈಕ್ರೋಮೀಟರ್‌ನಲ್ಲಿ ಈ ಅರ್ಧ ಮಿಲಿಮೀಟರಿನ ಗೊಂದಲ ಬರುವುದಿಲ್ಲ. ದಿನಕ್ಕೆ ಹತ್ತಾರು ಸಲ ಅಳೆಯುವವರಿಗೆ, ಕಣ್ಣಿಗೆ ಶ್ರಮ ಆಗುವವರಿಗೆ ಅದೇ ಸರಿ. ಆದರೆ ಅಪರೂಪಕ್ಕೆ ಬಳಸುವವರು ಗೆರೆಗಳ ಮಾಮೂಲಿ ಮೈಕ್ರೋಮೀಟರನ್ನೇ ತೆಗೆದುಕೊಳ್ಳಲಿ ಅಂತ ನನ್ನ ಅಭಿಪ್ರಾಯ. ಅದೇ ಖರ್ಚಿಗೆ ಸ್ಕ್ರೂ ಮತ್ತು ಆನ್ವಿಲ್ ಚೆನ್ನಾಗಿರುವುದು ಸಿಗುತ್ತದೆ, ನಿಖರತೆ ಇರುವುದು ಅಲ್ಲಿ.

ಮೈಕ್ರೋಮೀಟರ್‌ನ ನಿಜವಾದ ತೊಡಕು ಅಂದರೆ ವ್ಯಾಪ್ತಿ. ಒಂದು ಕ್ಯಾಲಿಪರ್ ಸೊನ್ನೆಯಿಂದ 150ರ ತನಕ ಹೋಗುತ್ತದೆ, ಒಳ ಅಳತೆ, ಆಳ, ಮೆಟ್ಟಿಲು ಎಲ್ಲವನ್ನೂ ನೋಡುತ್ತದೆ. ಮೈಕ್ರೋಮೀಟರ್ ಆದರೆ 0–25, 25–50, 50–75 ಅಂತ ಬೇರೆ ಬೇರೆ ಬೇಕು. ಒಂದೇ ಫ್ರೇಮಿಗೆ ಆನ್ವಿಲ್ ಬದಲಿಸಿ 0–100 ಅಳೆಯುವಂಥದ್ದೂ ಸಿಗುತ್ತದೆ. ಅದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆನ್ವಿಲ್ ಬದಲಿಸಿದ ಪ್ರತಿ ಸಲ ಒರೆಸಿ, ಬಿಗಿದು, ಉದ್ದ ಸರಿಯಾಗಿ ಗೊತ್ತಿರುವ ಸ್ಟ್ಯಾಂಡರ್ಡ್ ಸರಳು ಹಿಡಿದು ಸೊನ್ನೆ ನೋಡಬೇಕು, ಅವಸರದಲ್ಲಿ ಆ ಕೆಲಸ ತಪ್ಪಿಹೋಗುತ್ತದೆ. ಅದರ ಬದಲು 0–25 ಒಂದು ಒಳ್ಳೆಯದು ತಂದು, ಕೆಲಸ ಬಂದಾಗ 25–50 ತನ್ನಿ.

ಕ್ಯಾಲಿಪರ್ ನಂಬಿ ಮೋಸಹೋಗುವ ಮೂರು ಜಾಗ

ಒಂದು, ಸಣ್ಣ ತೂತು. ಕ್ಯಾಲಿಪರ್‌ನ ಒಳದವಡೆ ಚಾಕುವಿನ ಹಾಗೆ ತೆಳ್ಳಗಿದ್ದರೂ ಅಂಚಿಗೆ ಒಂದಿಷ್ಟು ದಪ್ಪ ಇದ್ದೇ ಇರುತ್ತದೆ. ದುಂಡಗಿನ ತೂತಿನಲ್ಲಿ ಆ ಚಪ್ಪಟೆ ಅಂಚು ಸರಿಯಾಗಿ ವ್ಯಾಸದ ಮೇಲೆ ಕೂರುವುದಿಲ್ಲ, ಪಕ್ಕಕ್ಕೆ ತಗಲುತ್ತದೆ. 5 ಮಿ.ಮೀ. ತೂತಿಗೆ ಅಂಚಿನ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ ತೋರಿಸುವುದು 4.975. ಕ್ಯಾಲಿಪರ್‌ನ ಬೇರೆ ಯಾವ ತಪ್ಪೂ ಸೇರದೆಯೇ 25 ಮೈಕ್ರಾನ್ ಹೋಯಿತು. ತೂತು ದೊಡ್ಡದಾದಂತೆ ಈ ತಪ್ಪು ಕರಗುತ್ತದೆ. ಆದರೆ ಬೇರಿಂಗ್ ಕೂರುವ ಹೌಸಿಂಗ್‌ಗೆ ಆಗಲೂ ಕ್ಯಾಲಿಪರ್ ಸಾಲದು. 6204ರ ಹೊರವ್ಯಾಸ 47, ಹೌಸಿಂಗ್ ತೂತಿನ ಮಿತಿ ಎಚ್7 ಅಂದರೆ 47.000ದಿಂದ 47.025. ಅಲ್ಲಿ ತೂತಿನ ಅಗಲಕ್ಕೆ ತೆರೆದುಕೊಳ್ಳುವ ಟೆಲಿಸ್ಕೋಪಿಕ್ ಗೇಜ್ ಹಾಕಿ, ಬಿಗಿದು, ಹೊರತೆಗೆದು, 25–50 ಮೈಕ್ರೋಮೀಟರ್‌ನಿಂದ ಅಳೆಯುತ್ತೇವೆ. ಇದು ಪೂರ್ತಿ ಕೈಯ ಅಭ್ಯಾಸದ ಮೇಲೆ ನಿಂತ ಕೆಲಸ. ಮೂರು ಸಲ ಹಾಕಿ, ಮೂರೂ ಸಲ ಹತ್ತಿರ ಹತ್ತಿರ ಬಂದರೆ ಮಾತ್ರ ಒಪ್ಪಿಕೊಳ್ಳಿ. ಇಂಥ ಕೆಲಸ ದಿನಾ ಇದ್ದರೆ ತೂತಿನ ಅಳತೆಯನ್ನು ಮುಳ್ಳಿನಲ್ಲೇ ತೋರಿಸುವ ಡಯಲ್ ಬೋರ್ ಗೇಜ್ ತನ್ನಿ.

ಎರಡು, ಸವೆದ ಬ್ರೇಕ್ ಡಿಸ್ಕ್. ಪ್ಯಾಡ್ ಉಜ್ಜುವ ಜಾಗ ಸವೆಯುತ್ತದೆ, ಹೊರ ಅಂಚು ಸವೆಯುವುದಿಲ್ಲ. ಅಲ್ಲಿ ಒಂದು ದಿಣ್ಣೆ ಉಳಿಯುತ್ತದೆ. ಕ್ಯಾಲಿಪರ್‌ನ ಚಪ್ಪಟೆ ದವಡೆ ಆ ದಿಣ್ಣೆಯ ಮೇಲೆ ಕೂತು ಡಿಸ್ಕ್ ಇನ್ನೂ ದಪ್ಪ ಇದೆ ಅಂತ ತೋರಿಸುತ್ತದೆ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಅಂತ ಒಂದು ಅಂಕಿ ಅಚ್ಚೊತ್ತಿರುತ್ತದೆ, ಅದಕ್ಕಿಂತ ತೆಳ್ಳಗಾದ ಡಿಸ್ಕನ್ನು ಈ ತಪ್ಪು ಅಳತೆ ನಂಬಿ ಓಡಿಸಿದರೆ ಪ್ರಾಣಕ್ಕೇ ಅಪಾಯ. ದಿಣ್ಣೆ ದಾಟಿ ಒಳಗೆ ಹೋಗಬಲ್ಲ ಮೈಕ್ರೋಮೀಟರ್ ಹಿಡಿದು, ಡಿಸ್ಕ್ ಸುತ್ತ ನಾಲ್ಕಾರು ಕಡೆ ಅಳೆಯಿರಿ.

ಮೂರು, ಕೊಳವೆಯ ಗೋಡೆ. ಒಳಭಾಗ ಬಾಗಿರುತ್ತದೆ, ಚಪ್ಪಟೆ ಮುಖ ಅಲ್ಲಿ ಕೂರುವುದಿಲ್ಲ. ಇದಕ್ಕೆ ಆನ್ವಿಲ್ ತುದಿ ಗೋಲಿಯಂತಿರುವ ಮೈಕ್ರೋಮೀಟರ್ ಬರುತ್ತದೆ. ಕಿರಿದಾದ ತೋಡಿಗೆ ಬ್ಲೇಡ್ ತರಹದ್ದು, ಮೂರು ಹಲ್ಲಿನ ಟ್ಯಾಪ್ ಮತ್ತು ರೀಮರ್‌ಗೆ ವಿ ಆಕಾರದ್ದು ಇವೆ. ಕೆಲಸ ಬರುವ ತನಕ ಇವುಗಳನ್ನು ಕೊಳ್ಳುವುದು ಬೇಡ.

ಕ್ಯಾಲಿಪರ್ ಪರವಾಗಿಯೂ ಒಂದು ಮಾತು. ಅದರ ತಲೆಯ ತುದಿಯಲ್ಲಿ, ಎರಡು ದವಡೆಗಳ ಹಿಂಬದಿ ಅಂಚಿನಲ್ಲಿ, ಮೆಟ್ಟಿಲು ಅಳೆಯುವ ಜಾಗ ಒಂದಿದೆ. ಶಾಫ್ಟ್‌ನ ಭುಜದ ಎತ್ತರ ನೋಡಲು ಎಲ್ಲರೂ ಹಿಂದಿನ ಆಳದ ಕಡ್ಡಿ ಬಳಸುತ್ತಾರೆ, ಕಡ್ಡಿ ಸ್ವಲ್ಪ ಓರೆಯಾದರೂ ಅಳತೆ ತಪ್ಪುತ್ತದೆ. ಈ ಮೆಟ್ಟಿಲಿನ ಅಂಚು ಅಗಲವಾಗಿ ಕೂರುತ್ತದೆ, ಓರೆಯಾಗುವುದು ಕಡಿಮೆ. ಒಮ್ಮೆ ಬಳಸಿ ನೋಡಿ.

ಕೊಂಡ ಮೇಲೆ, ಅಥವಾ ಕೊಳ್ಳುವ ಮೊದಲೇ, ಪರೀಕ್ಷೆ

ಸೆಕೆಂಡ್ ಹ್ಯಾಂಡ್ ಮೈಕ್ರೋಮೀಟರ್‌ಗಳಲ್ಲಿ ಒಳ್ಳೆಯವು ಇರುತ್ತವೆ. ಕೈಗೆತ್ತಿಕೊಂಡು ಪೂರ್ತಿ ಬಿಚ್ಚಿ, ಪೂರ್ತಿ ಮುಚ್ಚಿ. ಉದ್ದಕ್ಕೂ ಬೆಣ್ಣೆಯಂತೆ ಒಂದೇ ಸಮ ತಿರುಗಬೇಕು. ನಡುವೆ ಎಲ್ಲಾದರೂ ಬಿಗಿಯಾದರೆ ಅಥವಾ ಸಡಿಲವಾದರೆ ಸ್ಕ್ರೂ ಒಂದೇ ಕಡೆ ಸವೆದಿದೆ ಅಂತ ಅರ್ಥ. ಆನ್ವಿಲ್ ಮುಖಗಳನ್ನು ಬೆಳಕಿಗೆ ಹಿಡಿದು ಅಂಚಿನಲ್ಲಿ ಚಕ್ಕೆ ಹಾರಿದೆಯಾ ನೋಡಿ. ಕಾರ್ಬೈಡ್ ಮುಖ ಬೇಗ ಸವೆಯುವುದಿಲ್ಲ, ಆದರೆ ಬಿದ್ದರೆ ಚಕ್ಕೆ ಏಳುತ್ತದೆ. ಆಮೇಲೆ ರೋಲರ್ ಬೇರಿಂಗ್‌ನ ಒಂದು ಸಣ್ಣ ರೋಲರ್ ತೆಗೆದುಕೊಂಡು ಮುಖದ ನಡುವೆ, ಮೇಲೆ, ಕೆಳಗೆ, ಪಕ್ಕದಲ್ಲಿ ಇಟ್ಟು ಅಳೆಯಿರಿ. ನಾಲ್ಕೂ ಕಡೆ ಒಂದೇ ಬಂದರೆ ಮುಖ ಸಮ ಇದೆ. ಮುಖ ಸವೆದಿದ್ದರೆ ಬರೀ ಸೊನ್ನೆ ನೋಡಿದಾಗ ಗೊತ್ತಾಗುವುದಿಲ್ಲ, ರೋಲರ್ ಇಟ್ಟಾಗ ಗೊತ್ತಾಗುತ್ತದೆ.

ಕ್ಯಾಲಿಪರ್ ಆದರೆ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಕತ್ತಲೆ ಇರಬೇಕು. ಕೆಲವೇ ಮೈಕ್ರಾನ್ ಸಂದಿ ಇದ್ದರೂ ಬೆಳಕಿನ ಎಳೆ ಕಾಣುತ್ತದೆ. ಸಾಮಾನ್ಯವಾಗಿ ದವಡೆಯ ತುದಿಯಲ್ಲಿ ಸವೆದಿರುತ್ತದೆ, ಗೆರೆ ಎಳೆಯಲು ಕ್ಯಾಲಿಪರನ್ನೇ ಕೈವಾರದ ಹಾಗೆ ಬಳಸುವವರ ಕ್ಯಾಲಿಪರ್ ಆದರೆ ಇನ್ನೂ ಜಾಸ್ತಿ. ತಿರುಗುತ್ತಿರುವ ಜಾಬ್ (ಲೇತ್‌ಗೆ ಹಾಕಿದ ವಸ್ತು) ಮೇಲೆ ಕ್ಯಾಲಿಪರ್ ಹಿಡಿಯುವುದರಿಂದಲೂ ದವಡೆ ಸವೆಯುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಚಕ್ ಪೂರ್ತಿ ನಿಲ್ಲಲಿ. ದವಡೆ ಸಿಕ್ಕಿಕೊಂಡು ಕ್ಯಾಲಿಪರ್ ಕೈಯಿಂದ ಹಾರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಕೈ ಉಳಿದದ್ದು ದೊಡ್ಡದು.

ಸ್ಲಿಪ್ ಗೇಜ್ (ಅತಿ ನಿಖರ ದಪ್ಪದ ಅಳತೆ ತುಂಡು) ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮೈಕ್ರೋಮೀಟರ್ ಪರೀಕ್ಷೆಗೆ ಅಂತಲೇ ಬರುವ ಗೇಜ್ ಸೆಟ್ಟಿನಲ್ಲಿ 5, 10, 15 ಅಂತ ದುಂಡು ಅಂಕಿಗಳ ಬದಲು 2.5, 5.1, 7.7, 10.3 ಹೀಗೆ ವಿಚಿತ್ರವಾಗಿರುತ್ತದೆ. ಯಾಕೆ ಅಂದರೆ 5, 10, 15ರಲ್ಲಿ ಥಿಂಬಲ್ ಪ್ರತಿ ಸಲವೂ ಸೊನ್ನೆಯಲ್ಲೇ ನಿಲ್ಲುತ್ತದೆ. ಸ್ಕ್ರೂವಿನ ಒಂದು ಸುತ್ತಿನ ಒಳಗೆ ಏನಾದರೂ ತಪ್ಪಿದ್ದರೆ ಕಾಣುವುದೇ ಇಲ್ಲ. 5.1, 7.7ರಲ್ಲಿ ಥಿಂಬಲ್ ಬೇರೆ ಬೇರೆ ಕೋನದಲ್ಲಿ ನಿಲ್ಲುತ್ತದೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ಆ ಸೆಟ್ ಮಾಡಿದವರ ಬಗ್ಗೆ ತುಂಬಾ ಗೌರವ ಬಂತು.

ಸ್ಲಿಪ್ ಗೇಜ್ ಇಲ್ಲದವರು ಒಂದು ಹೊಸ, ಒಳ್ಳೆಯ ಕಂಪನಿಯ ಬೇರಿಂಗ್ ಇಟ್ಟುಕೊಳ್ಳಿ. ಮಾಮೂಲಿ ದರ್ಜೆಯ 6204ರ ಹೊರವ್ಯಾಸ 47ರಿಂದ ಕೆಳಗೆ 11 ಮೈಕ್ರಾನ್ ಒಳಗೆ, ಒಳಗಿನ ತೂತು 20ರಿಂದ ಕೆಳಗೆ 10 ಮೈಕ್ರಾನ್ ಒಳಗೆ ಇರುತ್ತದೆ. ಕ್ಯಾಲಿಪರ್‌ನ ಹೊರದವಡೆ, ಒಳದವಡೆ ಎರಡನ್ನೂ ನೋಡಲು ಇದು ಸಾಕು. ಮೈಕ್ರೋಮೀಟರ್‌ಗೆ ಸಾಲದು, ಆದರೂ ದೊಡ್ಡ ತಪ್ಪಿದ್ದರೆ ಹೇಳುತ್ತದೆ.

ಸೊನ್ನೆ ನೋಡುವ ಮೊದಲು ಆನ್ವಿಲ್ ನಡುವೆ ಒಂದು ಶುಭ್ರ ಕಾಗದ ಇಟ್ಟು ಹಗುರವಾಗಿ ಮುಚ್ಚಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬಂದರೆ ಇನ್ನೊಂದು ಸಲ. ಆಮೇಲೆ ಮುಚ್ಚಿ, ರಾಚೆಟ್ ಎರಡು ಮೂರು ಸಲ ಕಟಕಟ ಅನ್ನಲಿ. ಸೊನ್ನೆ ತಪ್ಪಿದ್ದರೆ ಜೊತೆಗೆ ಬರುವ ಕೊಕ್ಕೆ ಸ್ಪ್ಯಾನರ್‌ನಿಂದ ಸ್ಲೀವ್ ತಿರುಗಿಸಿ ಸರಿಮಾಡಬಹುದು. ಜಾಬ್ ಅಳೆಯುವಾಗಲೂ ಅಷ್ಟೇ ಕಟಕಟ. ಥಿಂಬಲ್ ಹಿಡಿದು ಸಿ ಕ್ಲ್ಯಾಂಪ್ ಬಿಗಿದ ಹಾಗೆ ಬಿಗಿದರೆ ಫ್ರೇಮ್ ಅರಳುತ್ತದೆ, ಅಳತೆ ಸುಳ್ಳಾಗುತ್ತದೆ.

ಇನ್ನು ಬಿಸಿ. ಜಗತ್ತಿನ ಎಲ್ಲ ಅಳತೆಗೂ 20 ಡಿಗ್ರಿ ಸೆಲ್ಸಿಯಸ್ ಆಧಾರ ಅಂತ 1931ರಲ್ಲೇ ಒಪ್ಪಿಕೊಂಡಿದ್ದಾರೆ. ನಮ್ಮ ಕೋಣೆ 20 ಡಿಗ್ರಿ ಇರಬೇಕು ಅಂತೇನಿಲ್ಲ, ಆದರೆ ಜಾಬ್ ಮತ್ತು ಸಾಧನ ಎರಡೂ ಒಂದೇ ಬಿಸಿಯಲ್ಲಿರಬೇಕು. 50 ಮಿ.ಮೀ. ಅಲ್ಯೂಮಿನಿಯಂ ಬುಶ್ ಈಗಷ್ಟೇ ಟರ್ನ್ ಆಗಿ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 0.023 ದೊಡ್ಡದಾಗಿರುತ್ತದೆ. ಅದೇ ಉಕ್ಕಾದರೆ ಸುಮಾರು ಅರ್ಧ. ಬಿಸಿ ಇದ್ದಾಗ ಅಳತೆ ಸರಿ ಮಾಡಿದ ಬುಶ್ ತಣಿದ ಮೇಲೆ ಸಡಿಲ. ಕ್ಯಾಲಿಪರ್ ಹಿಡಿಯುವ ಕೆಲಸದಲ್ಲಿ ಇದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಮೈಕ್ರೋಮೀಟರ್ ಹಿಡಿದ ಮೇಲೆ ತಣಿಯುವ ತನಕ ಕಾಯಲೇಬೇಕು. ಫ್ರೇಮ್ ಮೇಲೆ ಪ್ಲಾಸ್ಟಿಕ್ ಪಟ್ಟಿ ಇರುವುದೂ ಕೈಯ ಬಿಸಿ ಒಳಗೆ ಹೋಗಬಾರದು ಅಂತಲೇ, ಅಲ್ಲೇ ಹಿಡಿಯಿರಿ.

ಹಾಗಾದರೆ ಯಾರಿಗೆ ಯಾವುದು

ಮರಗೆಲಸ, ತ್ರೀಡಿ ಪ್ರಿಂಟಿಂಗ್, ವೆಲ್ಡಿಂಗ್, ಬೋಲ್ಟ್-ನಟ್ ಗಾತ್ರ ಗುರುತಿಸುವುದು ಇಷ್ಟೇ ಇದ್ದರೆ ಒಂದು ಡಿಜಿಟಲ್ ಕ್ಯಾಲಿಪರ್ ತೆಗೆದುಕೊಂಡು ನೆಮ್ಮದಿಯಾಗಿರಿ. ಮೈಕ್ರೋಮೀಟರ್ ಬೇಡ. ತಂತಿ, ತಗಡು, ಶಿಮ್ (ಸಂದಿ ಸರಿಪಡಿಸಲು ಇಡುವ ತೆಳು ಬಿಲ್ಲೆ) ಅಳೆಯುವವರು 0–25 ಮೈಕ್ರೋಮೀಟರನ್ನೇ ಮೊದಲು ಕೊಳ್ಳಬಹುದು. ವಾಲ್ವ್ ಶಿಮ್‌ಗಳು 0.05ರ ಹಂತದಲ್ಲಿ ಬಂದರೆ ±0.02ರ ಕ್ಯಾಲಿಪರ್ ಪಕ್ಕದ ಅಳತೆಯ ಶಿಮ್ ಜೊತೆ ಗೊಂದಲ ಮಾಡಿಬಿಡುತ್ತದೆ. ಲೇತ್ ಇದೆ, ಬೇರಿಂಗ್ ಕೂರಿಸುತ್ತೀರಿ ಅಂದರೆ ಎರಡೂ ಬೇಕು: ಮೊದಲು 150ರ ಕ್ಯಾಲಿಪರ್, ಆಮೇಲೆ 0–25, ಆಮೇಲೆ 25–50 ಮತ್ತು ಟೆಲಿಸ್ಕೋಪಿಕ್ ಗೇಜ್. ಹಣ ಕಡಿಮೆ ಇದ್ದರೆ ಕ್ಯಾಲಿಪರ್ ಸಾಧಾರಣದ್ದು ತಂದು ಮೈಕ್ರೋಮೀಟರ್‌ಗೆ ಜಾಸ್ತಿ ಖರ್ಚು ಮಾಡಿ. ಕೊನೆಯ ಕಟ್ ನಿರ್ಧಾರ ಮಾಡುವುದು ಅದೇ.

ಕೆಲಸ ಮುಗಿಸಿ ಪೆಟ್ಟಿಗೆಗೆ ಹಾಕುವಾಗ ಒರೆಸಿ, ಬೆರಳಿನ ಬೆವರು ಉಳಿಯದ ಹಾಗೆ ಒಂದು ತೊಟ್ಟು ತೆಳು ಎಣ್ಣೆ ಸವರಿ, ಮೈಕ್ರೋಮೀಟರ್‌ನ ಆನ್ವಿಲ್ ಮತ್ತು ಸ್ಪಿಂಡಲ್ ನಡುವೆ ಒಂದು ಮಿಲಿಮೀಟರ್ ಜಾಗ ಬಿಟ್ಟು ಇಡಿ. ಪೂರ್ತಿ ಮುಚ್ಚಿ ಬಿಗಿದಿಟ್ಟರೆ ಎರಡು ಮುಖಗಳ ನಡುವೆ ತೇವ ಸೇರಿ ತುಕ್ಕು ಹಿಡಿಯುತ್ತದೆ, ಬಿಸಿಲಿಗೆ ಲೋಹ ಹಿಗ್ಗಿದಾಗ ಸ್ಕ್ರೂ ಮೇಲೂ ಭಾರ ಬೀಳುತ್ತದೆ.